ಆರು, ಮಲ್ಕೊ, ಎಂಟು

ಎಲೆಯ ಬುಟ್ಟಿಗೆ ಲಗೇಜ್ ಚೀಟಿ ಹರಿಯಬೇಕು ಎಂದು ನಿಯಮವಿದೆ, ಅದರ ವಾಸನೆಗೆ ಹರಿಯಬೇಕು ಎಂದು ಎಲ್ಲೂ ಬರೆದಿಲ್ಲ. ಹೀಗಾಗಿ ಸವಣೂರಿನಿಂದ ಹಾನಗಲ್ಲಿನ ಮೇಲೆ ಹಿರೇಕೆರೂರಿಗೆ ಹೋಗುವ ನನ್ನ ಬಸ್ಸಿನಲ್ಲಿ ಅದು ದಿನವೂ ಪುಕ್ಕಟೆ ಪ್ರಯಾಣ ಮಾಡುತ್ತದೆ. ಬಾಳೆ ಎಲೆಯ ಹಾಸಿನ ಮೇಲೆ ನೀರು ಚಿಮುಕಿಸಿ ಒತ್ತಾಗಿ ಜೋಡಿಸಿದ ವೀಳ್ಯದೆಲೆ, ಅದರ ಮೇಲೊಂದು ಒದ್ದೆ ಗೋಣಿತಾಟು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಸಾಕು, ಖಾರವೂ ತಂಪೂ ಆದ ಆ ವಾಸನೆ ಹಿಂದಿನ ಬಾಗಿಲಿನಿಂದ ಡ್ರೈವರನ ಬೆನ್ನಿನವರೆಗೆ ನಡೆದು ಬರುತ್ತದೆ. ನಾನು ಅದಕ್ಕೆ ದಾರಿ ಬಿಟ್ಟು ಬದಿಗೆ ನಿಲ್ಲುತ್ತೇನೆ.

ನಾನು ಕಂಡಕ್ಟರ್. ಸೀಟಿ ಜೇಬಿನಲ್ಲೇ ಇರುತ್ತದೆ, ಊದುವುದು ಬರೀ ಬಾಯಲ್ಲಿ. ಡ್ರೈವರ್ ಗುರುಪಾದಪ್ಪನವರಿಗೆ ಇಂದಿಗೂ ಅದರ ವ್ಯತ್ಯಾಸ ಗೊತ್ತಾಗಿಲ್ಲ. ಹಿಂದಿನ ಸೀಟಿನಲ್ಲಿ ಹೋತದ ಮರಿ ಕೂಗಿಸಿ, ಅದಕ್ಕೆ ಅರ್ಧ ಟಿಕೀಟು ತಗೊಳ್ರಿ ಎಂದು ಜಗಳ ತೆಗೆದು, ಮರಿಯೇ ಇಲ್ಲದ ಗೌಡರನ್ನು ಕಂಗಾಲು ಮಾಡಿದವನು ನಾನು. ಮನುಷ್ಯರ ದನಿಯಾದರೆ ಮೂರು ಸಲ ಕೇಳಿದರೆ ಸಾಕು, ನಾಲ್ಕನೆಯ ಸಲ ನನ್ನ ಬಾಯಲ್ಲಿ ಅವರೇ ಇರುತ್ತಾರೆ. ಊರಿನವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ, ನನಗೇ ಜಾಗವಿಲ್ಲ ಎಂದು ನಾನೇ ಚೇಷ್ಟೆ ಮಾಡಿಕೊಳ್ಳುತ್ತೇನೆ. ಇಷ್ಟೆಲ್ಲ ಇದ್ದರೂ ಆ ವಾಸನೆ ಹತ್ತಿರ ಬಂದರೆ ನನ್ನ ಅಂಗಡಿ ಬಂದ್. ಒಂದೇ ಒಂದು ಶಬ್ದ ನೆನಪಾಗುತ್ತದೆ, ಮುಖ ಬಿಸಿಯಾಗುತ್ತದೆ.

ಅದು ಸವಣೂರಿನಲ್ಲಿ ನಾನು ಕಳೆದ ಒಂದು ಮಳೆಗಾಲದ ವಾಸನೆ.

ಅದಕ್ಕೆ ಮೊದಲು ನಮ್ಮ ಹಾನಗಲ್ಲಿನ ಮನೆಯ ಒಂದು ಮಾತು ಹೇಳಬೇಕು. ಅಪ್ಪ ಸಿದ್ದಪ್ಪ, ಭತ್ತದ ವ್ಯಾಪಾರಿ. ಅವ್ವ ನೀಲವ್ವ. ನಾನೊಬ್ಬನೇ ಮಗ, ಹೆಸರು ಈರಣ್ಣ. ಒಂದನೇ ಇಯತ್ತೆಯ ಮೊದಲ ವಾರದಲ್ಲಿ ಆಚಾರ್ಯ ಮಾಸ್ತರರು ನನ್ನನ್ನು ನಿಲ್ಲಿಸಿ ಹತ್ತರ ತನಕ ಎಣಿಸೆಂದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಮುಂದಿನ ಹಲ್ಲು ಇನ್ನೂ ಬಿದ್ದಿರಲಿಲ್ಲ. ನಾನು ಧೈರ್ಯದಿಂದ ಎದ್ದು ಎಣಿಸಿದೆ.

"ಲಾಭ, ಎರಡ, ಮೂರ, ನಾಕ, ಐದ, ಆರ, ಮಲ್ಕೊ, ಎಂಟ..."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಂದ್ಯೋ? ಆರರ ಮುಂದ?"

"ಮಲ್ಕೊರಿ."

"ಇದು ಸಾಲಿ ಅದನೋ ಮಾರಾಯಾ. ಮಲ್ಕೊಳ್ಳೋದು ಮನ್ಯಾಗ."

ತರಗತಿಗೆ ತರಗತಿಯೇ ಬಿದ್ದು ನಕ್ಕಿತು. ಜೀವನದಲ್ಲಿ ನಾನು ಮೊದಲ ಸಲ ನಗಿಸಿದ್ದು ಅಂದು. ಲಾಭ ಎನ್ನುವುದು ಮಾಸ್ತರರಿಗೆ ಗೊತ್ತಿತ್ತು. ರಾಶಿ ಅಳೆಯುವಾಗ, ಎಲೆ ಎಣಿಸುವಾಗ ನಮ್ಮ ಕಡೆ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆದರೆ ಈ ಮಲ್ಕೊ ಎಲ್ಲಿಂದ ಬಂತು ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ. ಏಳಕ್ಕೆ ಅದೇ ಹೆಸರೆಂದು ನಾನು ಅಂದುಕೊಂಡಿದ್ದೆ.

ಮನೆಗೆ ಓಡಿಬಂದು ಅವ್ವನ ಮುಂದೆ ಮತ್ತೆ ಎಣಿಸಿದೆ. ಆಕೆಯೂ ನಗುತ್ತಾಳೆಂದು ಕಾದೆ. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಾರಿಸಿದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ.

"ಏಳ ಅನ್ನು."

"ಏಳ."

"ಇನ್ನೊಮ್ಮೆ ಅನ್ನು. ಏಳ."

ನಾನು ಏಳ, ಏಳ, ಏಳ ಎಂದು ಹೇಳುತ್ತ ಹೋದೆ. ಹೇಳಿಸುತ್ತ ಹೇಳಿಸುತ್ತ ಅವಳೇ ಅಳತೊಡಗಿದಳು. ನನ್ನ ಕೆನ್ನೆಯ ಮೇಲೆ ಅವಳ ಬೆರಳಿನ ಹಿಟ್ಟು ಒಣಗಿತು. ಮರುದಿನ ಶಾಲೆಯಲ್ಲಿ ನಾನು ಅವಳ ಅಳು ಅಣಕಿಸಿ ತೋರಿಸಿದೆ. ಅದಕ್ಕೂ ಎಲ್ಲರೂ ನಕ್ಕರು. ಮಲ್ಕೊ ಮಾತ್ರ ಅಲ್ಲಿಗೇ ಮುಗಿದು, ಎಲ್ಲ ಮಕ್ಕಳ ಹಾಗೆ ನಾನೂ ಏಳು ಎನ್ನತೊಡಗಿದೆ.

ಅವ್ವನಿಗೆ ಇನ್ನೊಂದು ವಿಚಿತ್ರವಿತ್ತು. ಸವಣೂರೆಂದರೆ ಆಗುತ್ತಿರಲಿಲ್ಲ. "ಎಲ್ಲಿಗೆ ಬೇಕಾದ್ರೂ ಹೋಗು, ಸವಣೂರಿಗೆ ಬ್ಯಾಡ. ಅಲ್ಲೀ ನೀರು ನಮ್ಮ ಮನಿತನಕ್ಕ ಆಗಿ ಬರೂದಿಲ್ಲ" ಎನ್ನುವಳು. ಯಾರಾದರೂ ಬೀಗರು ಸವಣೂರ ಖಾರಾ ತಂದರೆ ಅದು ನಮ್ಮ ಹೊಸ್ತಿಲು ದಾಟದೆ ಪಕ್ಕದ ಮನೆಗೆ ಹೋಗುತ್ತಿತ್ತು. ನಾನು ಪಕ್ಕದ ಮನೆಗೆ ಹೋಗಿ ತಿಂದು ಬರುತ್ತಿದ್ದೆ.

ಎಂಬತ್ತರ ನಂತರದ ಒಂದು ವರ್ಷ ನಾನು ಪಿಯುಸಿಯಲ್ಲಿ ನಪಾಸಾದೆ. ಪರೀಕ್ಷೆಯಲ್ಲಿ ಬೇರೆಯವರ ದನಿ ತೆಗೆಯಲು ಬರುತ್ತಿರಲಿಲ್ಲ, ಅದೇ ತೊಂದರೆ. ಅಕ್ಟೋಬರ್ ಪರೀಕ್ಷೆಗೆ ಟ್ಯೂಶನ್ ಎಂದು ಹೇಳಿ ಶಿಗ್ಗಾವಿಗೆ ಬಂದೆ. ಹಿರೇಬೆಂಡಿಗೇರಿಯ ಗೆಳೆಯ ಬಸ್ಯಾ ಅಲ್ಲಿ ಖೋಲಿ ಹಿಡಿದಿದ್ದ. ಎರಡನೇ ವಾರಕ್ಕೆ ಟ್ಯೂಶನ್ ಮಾಸ್ತರರ ದನಿಯಲ್ಲಿ ಅವರ ಹೆಂಡತಿಯನ್ನು ಕರೆದು ಚಹಾ ತರಿಸಿದೆ. ಚಹಾ ಕುಡಿಯುವ ಮೊದಲೇ ಹೊರಬಿದ್ದೆ. ಮನೆಗೆ ಹೋಗಲು ಮುಖವಿಲ್ಲ. "ಸವಣೂರಾಗ ಒಂದ ಎಲಿ ವಖಾರದಾಗ ಬುಟ್ಟಿ ಮ್ಯಾಲೆ ಹೆಸರ ಬರ್ಯಾಕ ಹುಡುಗ ಬೇಕಂತ" ಎಂದ ಬಸ್ಯಾ. ಬೇಡ ಎಂದು ಅವ್ವ ಹೇಳಿದ್ದ ಊರು. ಇನ್ನೇನು ಬೇಕು ನನಗೆ? ಅಂದೇ ಬಸ್ಸು ಹತ್ತಿದೆ.

ವಖಾರ ಇದ್ದದ್ದು ದೊಡ್ಡಹುಣಸಿ ಗಿಡಗಳ ಕಡೆಯ ದಾರಿಯಲ್ಲಿ, ತಗಡಿನ ಮಾಡಿನ ಉದ್ದನೆಯ ಪಡಸಾಲೆ. ತೋಟಗಳಿಂದ ಬೆಳಿಗ್ಗೆ ಎಲೆ ಬರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕುಳಿತ ಹೆಂಗಸರು ಹರಿದ ಎಲೆ ಬೇರೆ ಮಾಡಿ, ತೊಟ್ಟಿಗೆ ತೊಟ್ಟು ಕೂಡಿಸಿ, ಎಣಿಸಿ ಕಟ್ಟುತ್ತಿದ್ದರು. ಮಳೆ ತಗಡಿನ ಮೇಲೆ ಬೀಳುವಾಗ ಎಲ್ಲರೂ ದನಿ ಎತ್ತರಿಸಿ ಎಣಿಸಬೇಕು. ಹತ್ತು ಬಾಯಿ ಹತ್ತು ಅಂಕಿ ಹೇಳುತ್ತಿದ್ದರೂ ಯಾರ ಲೆಕ್ಕವೂ ಇನ್ನೊಬ್ಬರ ಲೆಕ್ಕಕ್ಕೆ ಸಿಕ್ಕಿಕೊಳ್ಳುತ್ತಿರಲಿಲ್ಲ. ನನ್ನಂಥ ಅಣಕುಗಾರನಿಗೆ ಅದು ಮೃಷ್ಟಾನ್ನದ ಮನೆ.

ಮಾಲಕ ಹುಸೇನಸಾಬರು ಗಲ್ಲದೊಳಗೆ ಎಲೆ ಒತ್ತಿಕೊಂಡು ಮಾತಾಡುವ ಮನುಷ್ಯ. ಬಂದ ದಿನ ಕೇಳಿದರು: "ಯಾವೂರಪಾ? ಯಾರ ಪೈಕಿ?"

"ಹಾನಗಲ್ಲರಿ. ಭತ್ತದ ಸಿದ್ದಪ್ಪನವರ ಮಗ."

ಗೋಡೆಯ ಸಾಲಿನಲ್ಲಿ ಒಂದು ದನಿ ನಿಂತಿತು. ಐವತ್ತರ ಮೇಲೆ ಎಲ್ಲೋ ಇದ್ದ ಲೆಕ್ಕ ಕೈಯಲ್ಲೇ ಉಳಿಯಿತು. ನಾಲ್ವತ್ತರ ಆಜುಬಾಜಿನ ಹೆಂಗಸು, ಹಣೆಯ ಮೇಲೆ ದೊಡ್ಡ ಕುಂಕುಮ, ಎಲೆಗಳನ್ನು ಉಡಿಯಲ್ಲಿ ಸುರಿದುಕೊಂಡು ಮತ್ತೆ ಮೊದಲಿನಿಂದ "ಲಾಭ" ಎಂದಳು.

"ಅಯ್ಯ, ಗಂಗವ್ವಂದು ಲೆಕ್ಕ ತಪ್ಪಿತ!" ಎಂದು ಪಕ್ಕದವಳು ಕೂಗಿದಳು. "ಇವತ್ತ ಮಳಿ ತಳಗಿಂದ ಮ್ಯಾಲೆ ಬೀಳತೈತಿ ನೋಡ್ರಿ."

"ಹುಡುಗನ ಮಾರಿ ನೋಡಿ ತಪ್ಪಿತು ಬಿಡು" ಎಂದಳು ಇನ್ನೊಬ್ಬಳು.

"ಮಾರಿ ಅಂಥಾದ್ದೈತಿ" ಎಂದಳು ಗಂಗವ್ವ. "ನೋಡಿದ್ರ ಕಲಿತದ್ದೆಲ್ಲಾ ಮರೀಬೇಕು."

ಎಲ್ಲರೂ ನಕ್ಕರು. ನಾನು ಸೋಲುವವನೆ? ಗೋಣಿತಾಟು ತಲೆಗೆ ಸೆರಗಿನ ಹಾಗೆ ಎಳೆದುಕೊಂಡು ಅವಳ ಎದುರಿಗೇ ಕುಳಿತೆ. ಅವಳು ಎಣಿಸಿದಂತೆ ಎಣಿಸತೊಡಗಿದೆ. ಅವಳಿಗೆ ಅಂಕಿಯ ಕೊನೆಯನ್ನು ಮೂಗಿನಲ್ಲಿ ಎಳೆಯುವ ರೂಢಿ. "ಲಾಭಂ, ಎರಡಂ, ಮೂರಂ, ನಾಕಂ, ಐದಂ, ಆರಂ, ಮಲ್ಕೊ, ಎಂಟಂ..."

ಹೇಳಿ ಮುಗಿಸಿದ ಮೇಲೆ ನನಗೇ ಆಶ್ಚರ್ಯವಾಯಿತು. ಅವಳು ಏಳಕ್ಕೆ ಮಲ್ಕೊ ಎನ್ನುವುದನ್ನು ನಾನು ಇನ್ನೂ ಕೇಳಿರಲೇ ಇಲ್ಲ. ಅವಳು ಆಗಷ್ಟೇ ಮೂರಕ್ಕೆ ಬಂದಿದ್ದಳು. ನನ್ನ ಬಾಯಿ ಅವಳಿಗಿಂತ ಮುಂದೆ ಓಡಿತ್ತು. ಶಾಲೆಯ ಹಳೆಯ ಚೇಷ್ಟೆ ನೆನಪಾಗಿ ಬಂದಿರಬೇಕೆಂದುಕೊಂಡೆ. ಗಂಗವ್ವ ಎಣಿಸುತ್ತ ಬಂದು ಆರು ಎಂದಳು, ನನ್ನನ್ನು ನೋಡಿದಳು, ಮಲ್ಕೊ ಎಂದಳು. ವಖಾರವೆಲ್ಲ ಚಪ್ಪಾಳೆ. "ಆಕೀ ಖೋಡಿ ಲೆಕ್ಕ ನಿನಗ ಹ್ಯಾಂಗ ಗೊತ್ತಾತೋ?" ಎಂದು ಹುಸೇನಸಾಬರು ಕೇಳಿದರು. ಇದು ನನ್ನ ಕಲೆ ಎಂದು ನಾನು ಎದೆ ಉಬ್ಬಿಸಿದೆ. ಬೇರೆಯವರದು ಮೂರು ಸಲ ಕೇಳಬೇಕು, ಇವಳದು ಕೇಳದೆಯೇ ಬಂತು! ಆ ಸಂತೋಷದಲ್ಲಿ ಯಾಕೆ ಬಂತು ಎಂಬ ಪ್ರಶ್ನೆ ಹುಟ್ಟಲೇ ಇಲ್ಲ.

ಆ ಆಷಾಢವೆಲ್ಲ ಜಿಟಿಜಿಟಿ ಮಳೆ. ಶ್ರಾವಣ ಹತ್ತಿರ ಬಂದಂತೆ ಎಲೆಗೆ ಬೇಡಿಕೆ ಏರಿ ಕೈಗೆ ಬಿಡುವಿರಲಿಲ್ಲ. ನೀರಿನಲ್ಲಿ ಕೈ ಅದ್ದಿ ಅದ್ದಿ ಹೆಂಗಸರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿದ್ದವು. ನಾನು ಬುಟ್ಟಿಗಳ ಮೇಲೆ ಊರ ಹೆಸರು ಬರೆಯುತ್ತಿದ್ದೆ, ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ನನ್ನ ಆಟ. ಹುಸೇನಸಾಬರನ್ನು ಅವರ ಎದುರಿಗೇ ಮಾಡುತ್ತಿದ್ದೆ: "ಏ ಗಂಗವ್ವಾ, ಲೆಕ್ಕಾ ಮುಗೀತೇನ?" ಎಂದು ಗಲ್ಲ ಉಬ್ಬಿಸಿ ಕೂಗಿದರೆ, ಅವಳು ತಲೆ ಎತ್ತದೆ "ಮುಗೀತ್ರಿ, ಸಾಹೇಬ್ರ" ಎನ್ನುವಳು, ಸಾಹೇಬರು ತಮ್ಮ ಹೊಟ್ಟೆ ಹಿಡಿದುಕೊಳ್ಳುವರು. ಆದರೆ ಹೆಚ್ಚು ಬೇಡಿಕೆ ಇದ್ದದ್ದು ಗಂಗವ್ವನ ಎಣಿಕೆಗೆ. ಕೇಳುತ್ತಿದ್ದವಳು ಸ್ವತಃ ಗಂಗವ್ವ.

"ಏ ನಪಾಸ, ನನ್ನಂಗ ಎಣಸ ನೋಡೂಣು."

ತನ್ನನ್ನು ಅಣಕಿಸು ಎಂದು ತಾನೇ ಬೇಡುವ ಹೆಂಗಸನ್ನು ನಾನು ಎಲ್ಲೂ ನೋಡಿರಲಿಲ್ಲ. ಬಯ್ಯುವವರನ್ನು, ಕಲ್ಲು ಎತ್ತುವವರನ್ನು ನೋಡಿದ್ದೆ. ಇವಳು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟು, ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದಳು. ನಾನು ಮೂಗನ್ನು ಇನ್ನಷ್ಟು ಎಳೆದು, ಕುತ್ತಿಗೆ ಕೊಂಕಿಸಿ, ಬೆರಳಿಗೆ ಉಗುಳು ಹಚ್ಚಿಕೊಂಡು, ಅವಳು ಮಾಡದ್ದನ್ನೂ ಸೇರಿಸಿ ಅವಳನ್ನು ಮಾಡುತ್ತಿದ್ದೆ. ಮಲ್ಕೊ ಬಂದಾಗ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದೆ. ಅಲ್ಲಿ ಎಲ್ಲರೂ ನಗುತ್ತಿದ್ದರು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ಕೇಳಿದಳು. "ನಿಮ್ಮವ್ವನ್ನ ಮಾಡಾಕ ಬರ್ತೈತೇನ?"

ಬರದೆ ಏನು? ಅವ್ವ ಸಂಜೆ ಓಣಿಯ ತುದಿಗೆ ನಿಂತು ಕರೆಯುವುದನ್ನು ಮಾಡಿದೆ. "ಈರ್‍ಯಾ, ಏ ಈರ್‍ಯಾ, ಎಲ್ಲಿ ಹಾಳಾಗಿ ಹೋದ್ಯೋ, ಅನ್ನ ಆರಾಕತ್ತೈತೋ!" ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿ ದೇವರೊಂದಿಗೆ ಜಗಳಾಡುವುದನ್ನು ಮಾಡಿದೆ. ನಪಾಸಾದ ದಿನ ಅಪ್ಪನಿಗೆ "ಅಂವಗ ಏನೂ ಅನಬ್ಯಾಡ್ರಿ, ಮಾಸ್ತರರಿಗೆ ಕಣ್ಣ ಕಾಣೂದಿಲ್ಲ" ಎಂದದ್ದನ್ನೂ ಮಾಡಿದೆ. ಮಿಕ್ಕವರು ನಕ್ಕು ಸಾಕಾಗಿ ಕೆಲಸಕ್ಕೆ ಹತ್ತಿದರು. ಗಂಗವ್ವ ಹತ್ತಲಿಲ್ಲ.

"ಜ್ವರದ್ದು ಇನ್ನೊಮ್ಮೆ ಮಾಡು" ಎಂದಳು.

ಮಾಡಿದೆ.

"ಛಲೋ ಸಾಕ್ಯಾಳ" ಎಂದು ಎಲೆಯ ತೊಟ್ಟು ಮುರಿದಳು.

"ಸಾಕಾಕ ನಾ ಏನ ನಾಯಿಮರಿ ಏನಬೇ?" ಎಂದೆ.

"ಹೌದಲ್ಲೋ" ಎಂದಳು. "ಬಾಲ ಅಷ್ಟ ಇಲ್ಲ."

ನಾಯಿಮರಿಯ ಹಾಗೆ ಕುಂಯ್ಗುಟ್ಟಿ ತೋರಿಸಿದೆ. ಹಡೆದವರ ಬಗ್ಗೆ ಯಾರೂ ಸಾಕ್ಯಾಳ ಎನ್ನುವುದಿಲ್ಲ, ಬೆಳೆಸ್ಯಾಳ ಎನ್ನುತ್ತಾರೆ ಎಂಬಷ್ಟು ಕನ್ನಡ ನನಗೆ ಬರುತ್ತಿತ್ತು. ಕನ್ನಡದಲ್ಲಿ ನಾನು ನಪಾಸಾಗಿರಲಿಲ್ಲ.

ಪಂಚಮಿ ಬಂತು. ಮದುವೆಯಾದ ಹುಡುಗಿಯರು ತವರಿಗೆ ಬಂದು, ಗಿಡಗಿಡಕ್ಕೆ ಜೋಕಾಲಿ ಬಿದ್ದು, ಮನೆಮನೆಯಲ್ಲಿ ಉಂಡಿ ಕಟ್ಟುವ ದಿನಗಳು. ಅವ್ವ ನನಗಾಗಿ ಶೇಂಗಾದ ಉಂಡಿ ಕಟ್ಟಿ, ಡಬ್ಬಿ ಹಿಡಿದುಕೊಂಡು ಶಿಗ್ಗಾವಿಗೆ ಬಂದಳು. ನಾನು ಖೋಲಿಯಲ್ಲಿಲ್ಲ. ಅವ್ವನ ಎದುರು ಬಸ್ಯಾ ಎಷ್ಟು ಹೊತ್ತು ಸುಳ್ಳು ಹೇಳಬಲ್ಲ? ಒಂದು ಉಂಡಿ ತಿನ್ನುವಷ್ಟು ಹೊತ್ತು ತಡೆದುಕೊಂಡನಂತೆ. ಅಲ್ಲಿಂದ ಮುಂದಿನ ಬಸ್ಸಿಗೆ ಅವ್ವ ಸವಣೂರಿಗೆ ಬಂದಳು.

ಮಧ್ಯಾಹ್ನದ ರೊಟ್ಟಿಯ ಹೊತ್ತು. ಮಳೆ ಆಗಷ್ಟೇ ನಿಂತು ತಗಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ತಲೆಯ ಮೇಲೆ ಗೋಣಿತಾಟು ಹೊದ್ದು, ಉಡಿಯಲ್ಲಿ ಎಲೆ ಸುರಿದುಕೊಂಡು, ಗಂಗವ್ವನ ಮಗ್ಗುಲಲ್ಲಿ ಗಂಗವ್ವನಾಗಿ ಕುಳಿತಿದ್ದೆ. ಇಬ್ಬರೂ ಒಟ್ಟಿಗೆ ಎಣಿಸುವುದು ಆಗ ನಮ್ಮ ಹೊಸ ಆಟ. ಯಾರ ದನಿ ಯಾರದೆಂದು ಉಳಿದವರು ಕಣ್ಣು ಮುಚ್ಚಿ ಹೇಳಬೇಕು.

"ಐದಂ, ಆರಂ, ಮಲ್ಕೊ..."

ಬಾಗಿಲಲ್ಲಿ ಡಬ್ಬಿ ನೆಲಕ್ಕೆ ಇಟ್ಟ ಸದ್ದಾಯಿತು. ಅವ್ವ ನಿಂತಿದ್ದಳು, ಕಾಲು ಮೊಣಕಾಲಿನ ತನಕ ಕೆಸರು. ಸಿಕ್ಕಿಬಿದ್ದೆನೆಂದು ನಾಲಿಗೆ ಕಚ್ಚಿಕೊಂಡೆ. ಟ್ಯೂಶನ್ನಿನ ಸುಳ್ಳಿಗೆ ಏನು ಹೇಳಬೇಕೆಂದು ಹುಡುಕುತ್ತಿದ್ದೆ. ಆದರೆ ಅವ್ವ ನನ್ನನ್ನು ನೋಡುತ್ತಿರಲಿಲ್ಲ.

"ಹೇಳಿಬಿಟ್ಟ್ಯಾ ಗಂಗಾ?" ಎಂದಳು.

ಗಂಗವ್ವ ಎದ್ದು ನಿಂತಳು. ಉಡಿಯ ಎಲೆಗಳೆಲ್ಲ ನೆಲಕ್ಕೆ ಬಿದ್ದವು. "ಇಲ್ಲಕ್ಕ. ನಾ ಏನೂ ಹೇಳಿಲ್ಲ."

"ಮತ್ತ ಮಲ್ಕೊ ಅನ್ನಾಕತ್ತಾನ? ತಾಯಿ ಮಗ ಜೋಡಿ ಕುಂತ ಎಣಸಾಕತ್ತೀರಿ, ಏನೂ ಹೇಳಿಲ್ಲ ಅಂತಿ?"

"ಅಂವಾ ಆಟಾ ಆಡಾಕತ್ತಾನಕ್ಕ" ಎಂದಳು ಗಂಗವ್ವ. ಬಹಳ ಮೆಲ್ಲಗೆ ಹೇಳಿದಳು. "ಅಂವಗ ಗೊತ್ತಿಲ್ಲ. ಈಗ ನೀನ ಹೇಳಿದಿ."

ಅವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಆಡಿದ ಮಾತನ್ನು ಮತ್ತೆ ಒಳಗೆ ತಳ್ಳುವವಳ ಹಾಗೆ ಹಿಡಿದಳು. ನಾನು ಗೋಣಿತಾಟನ್ನು ತಲೆಯಿಂದ ತೆಗೆಯಲಿಲ್ಲ. ತೆಗೆದರೆ ಕೆಳಗೆ ಯಾರ ಮುಖ ಸಿಗುತ್ತದೋ ಎಂಬ ಅಂಜಿಕೆ.

ಹುಸೇನಸಾಬರೇ ಅವ್ವನನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳ್ಳಿರಿಸಿ ನೀರು ಕೊಟ್ಟರು. ಉಳಿದ ಹೆಂಗಸರು ಎದ್ದು ಹೋಗಬೇಕಿತ್ತು, ಯಾರೂ ಹೋಗಲಿಲ್ಲ. ಎಣಿಸುವುದನ್ನು ಮಾತ್ರ ನಿಲ್ಲಿಸಿದರು. ಅವ್ವ ಹೇಳಿದಳು, ಗಂಗವ್ವ ನೆಲ ನೋಡುತ್ತ ಅಲ್ಲಲ್ಲಿ ಹೂಂ ಎಂದಳು. ಗಂಗವ್ವನ ಮೊದಲ ಗಂಡ ನಮ್ಮ ಅಪ್ಪನ ತಮ್ಮ. ನಾನು ಹುಟ್ಟಿದ ವರ್ಷವೇ ಅವನು ಹಾವು ಕಚ್ಚಿ ತೀರಿಕೊಂಡ. ಅವಳು ನನ್ನನ್ನು ಎತ್ತಿಕೊಂಡು ಸವಣೂರಿನ ತವರಿಗೆ ಬಂದು ಎಲೆ ಎಣಿಸತೊಡಗಿದಳು, ನಾನು ಬುಟ್ಟಿಯ ಮಗ್ಗುಲಲ್ಲಿ ಮಲಗಿ ಬೆಳೆದೆ. ಮಾತು ಬಂದು ನಾನು ಎಣಿಸಲು ಕಲಿತ ಮೇಲೆ ಅವಳ ಅಣ್ಣಂದಿರು ಅವಳನ್ನು ಸವಣೂರಿನಲ್ಲೇ ಉಡಿಕೆ ಮಾಡಿ ಕೊಟ್ಟರು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವ ಉಡಿಕೆಯಲ್ಲಿ ಹೆಂಗಸು ಹೋಗಬಹುದು, ಮೊದಲ ಗಂಡನ ಮಗು ಹೋಗುವಂತಿಲ್ಲ. ಅದು ಹುಟ್ಟಿದ ಮನೆತನದ್ದು. ಮಕ್ಕಳಿಲ್ಲದ ಅಪ್ಪ ಅವ್ವ ಬಂದು ನನ್ನನ್ನು ಕರೆದೊಯ್ದರು.

"ನಾ ಕಸಗೊಂಡಿಲ್ಲ" ಎಂದಳು ಅವ್ವ. "ಸೆರಗೊಡ್ಡಿ ಬೇಡಿ ತಂದೇನಿ. ವರ್ಷಕ್ಕೊಮ್ಮೆ ಪಂಚಮಿಗೆ ಕರಕೊಂಡ ಬಂದ ತೋರಿಸಿ ಹೋಗ್ತೇನಿ ಅಂತ ಮಾತ ಕೊಟ್ಟಿದ್ದೆ. ಒಂದ ಪಂಚಮಿಗೂ ಬರಲಿಲ್ಲ."

"ಇವತ್ತ ಬಂದೀಯಲ್ಲಕ್ಕ" ಎಂದಳು ಗಂಗವ್ವ.

ಅದನ್ನು ಅವಳು ಕುಟುಕಲು ಹೇಳಲಿಲ್ಲ. ಆದರೂ ಅವ್ವ ಕೆಸರಿನ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಆಕೀನ್ನ ನೋಡಿದ್ರ ಇಂವಾ ಅವ್ವಾ ಅಂತ ಓಡಿ ಹೋಗತಾನ ಅಂತ ಅಂಜಿಕಿ ಇತ್ತು ನನಗ. ಅದಕ ಈ ಊರ ಹೆಸರ ಸೈತ ಎತ್ತಗೊಡಲಿಲ್ಲ. ಮನ್ಯಾಗ ಮಲ್ಕೊ ಅಂದಾಗ ಬಡದೆ."

"ಮಲ್ಕೊ ಯಾಕ?" ಎಂದೆ.

ಗಂಗವ್ವ ನೆಲದ ಎಲೆಗಳನ್ನು ಆಯ್ದುಕೊಳ್ಳತೊಡಗಿದಳು. "ನೀ ಬುಟ್ಟಿ ಮಗ್ಗಲಕ ಮಲಗತಿದ್ದಿ. ನಾ ಏಳ ಅಂದ್ರ ಎಬ್ಬಸಾಕತ್ತಾರ ಅಂತ ಎದ್ದ ಕುಂದರ್ತಿದ್ದಿ. ಎದ್ರ ಕೆಲಸಾ ಮಾಡಗೊಡತಿರಲಿಲ್ಲ. ಅದಕ ಏಳ ಬಿಟ್ಟು ಮಲ್ಕೊ ಅನ್ನಾಕತ್ತೆ."

"ನಾ ಹ್ವಾದ ಮ್ಯಾಲೂ?"

"ಆಮ್ಯಾಲೆ ಎರಡ ಹೆಣ್ಣಾದುವು. ಅವಕ್ಕೂ ಅದ ಆತು" ಎಂದಳು. "ಅವು ಏಳ ಅಂದ್ರೂ ಎಂದೂ ಏಳತಿರಲಿಲ್ಲ. ಬಾಯಿಗೆ ಹತ್ತಿಬಿಟ್ಟಿತ್ತು, ಹಂಗ ಅಂತ ಹ್ವಾದೆ."

ಆ ಮಳೆಗಾಲವೆಲ್ಲ ನಾನು ಮಾಡಿದ್ದು ಒಂದೊಂದಾಗಿ ನನ್ನ ಮುಂದೆ ಬಂದು ನಿಂತಿತು. ಎಳೆದ ಮೂಗು, ಕೊಂಕಿಸಿದ ಕುತ್ತಿಗೆ, ಗೊರಕೆ. ಯಾವ ಶಬ್ದ ಹೇಳಿ ನನ್ನನ್ನು ಮಲಗಿಸಿದ್ದಳೋ ಅದೇ ಶಬ್ದಕ್ಕೆ ಗೊರಕೆ ಹೊಡೆದು ನಾನು ಹತ್ತು ಜನರನ್ನು ನಗಿಸಿದ್ದೆ. ಅವಳು ರೊಟ್ಟಿ ಕೊಟ್ಟು ಕೇಳಿದ್ದಳು. ಅಷ್ಟಾದರೂ ಸಿಗಲಿ ಎಂದು ಕೇಳಿದ್ದಳು.

"ಕರಿಯೋ" ಎಂದಳು ಅವ್ವ ನನ್ನ ಕಡೆ ತಿರುಗಿ. "ಇಷ್ಟ ವರ್ಷ ನಾ ಅಡ್ಡ ನಿಂತಿದ್ದೆ. ಈಗ ನಾನ ಹೇಳತೇನಿ. ಒಮ್ಮೆ ಆಕಿಗೆ ಅವ್ವಾ ಅನ್ನು."

ಗಂಗವ್ವ ಎಲೆ ಆಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ, ನನ್ನ ಬಾಯಿಯನ್ನು ನೋಡುತ್ತಿದ್ದಳು. ಎರಡೇ ಅಕ್ಷರ. ಕರು ಕೂಡ ಅನ್ನುತ್ತದೆ. ನಾನು ಬಾಯಿ ತೆರೆದೆ. ಒಳಗೆ ನನ್ನ ದನಿಯನ್ನು ಹುಡುಕಿದೆ. ಅಪ್ಪ ಇದ್ದ, ಆಚಾರ್ಯ ಮಾಸ್ತರರಿದ್ದರು, ಟ್ಯೂಶನ್ ಮಾಸ್ತರರು ಇದ್ದರು, ಗಂಗವ್ವನೂ ಇದ್ದಳು. ಯಾರ್‍ಯಾರೋ ನೂಕಾಡಿದರು. ಹೊರಬಂದದ್ದು ಹುಸೇನಸಾಬರ ದನಿ, ಗಲ್ಲದಲ್ಲಿ ಎಲೆ ಒತ್ತಿಕೊಂಡ ದನಿ:

"ಏ ಗಂಗವ್ವಾ, ಲೆಕ್ಕಾ ಮುಗೀತೇನ?"

ಗೋಡೆಯ ಕಡೆ ಒಬ್ಬಳು ರೂಢಿಯ ಮೇಲೆ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಹುಸೇನಸಾಬರು ತಮ್ಮ ದನಿ ಕೇಳಿ ತಲೆ ತಗ್ಗಿಸಿದರು. ಗಂಗವ್ವ ಕೂಡ ರೂಢಿಯ ಮೇಲೆಯೇ ಉತ್ತರ ಕೊಟ್ಟಳು.

"ಮುಗೀತ್ರಿ, ಸಾಹೇಬ್ರ."

ಕೈಯಲ್ಲಿದ್ದ ಎಲೆಗಳನ್ನು ಬುಟ್ಟಿಗಿಟ್ಟು ಗೋಣಿತಾಟು ಹೊದಿಸಿದಳು. ಆ ತಾಟು ನನ್ನ ತಲೆಯ ಮೇಲಿದ್ದದ್ದು. ಯಾವಾಗ ತೆಗೆದಳೋ ತಿಳಿಯಲಿಲ್ಲ.

ಅವ್ವ ನನ್ನ ಮುಂಗೈ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದಳು, ಮೊದಲ ದಿನ ಶಾಲೆಗೆ ಒಯ್ದ ಹಾಗೆ. ಉಂಡಿಯ ಡಬ್ಬಿ ಅಲ್ಲೇ ಉಳಿಯಿತು. ಹಾನಗಲ್ಲು ಹತ್ತಿರ ಬಂದು, ನಾಟಿ ಮಾಡಿದ ಗದ್ದೆಗಳು ಕಾಣತೊಡಗಿದಾಗ ಕೇಳಿದಳು. "ನಾ ಯಾರೋ ನಿನಗ?"

"ಅವ್ವ" ಎಂದೆ. ಅದೂ ನಾನು ಯಾವಾಗಲೂ ಹೇಳುವುದನ್ನು ನಾನೇ ಅಣಕಿಸಿದ ಹಾಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು. ಮುಂಗೈ ಬಿಡಲಿಲ್ಲ.

ಮನೆಯಲ್ಲಿ ಮತ್ತೆ ಆ ಮಾತು ಬರಲಿಲ್ಲ. ಅಪ್ಪ ಒಂದು ದಿನ ತಮ್ಮನ ಹಳೆಯ ಶಲ್ಯ ತೆಗೆದು ನನ್ನ ಗೂಟಕ್ಕೆ ಹಾಕಿದ, ಅಷ್ಟೆ. ನಾನು ಅಕ್ಟೋಬರಿನಲ್ಲಿ ಪಾಸಾದೆ, ಮುಂದೆ ಕಂಡಕ್ಟರನಾದೆ. ಈ ಕೆಲಸಕ್ಕೆ ಒಂದು ವಿಶೇಷವಿದೆ. ಬಸ್ಸು ಹತ್ತುವ ಯಾವ ಹೆಂಗಸಿಗೂ ನಮ್ಮ ಕಡೆ ಕಂಡಕ್ಟರ್ ಹೆಸರು ಕೇಳುವುದಿಲ್ಲ. "ಎಲ್ಲಿಗ್ರಿ ಯವ್ವಾ? ಸರಕೋರಿ ಯವ್ವಾ. ಚಿಲ್ಲರ ಕೊಡ್ರಿ ಯವ್ವಾ." ಬೆಳಗಿನಿಂದ ಸಂಜೆಯವರೆಗೆ ಆ ಶಬ್ದ ನನ್ನ ಬಾಯಿಂದ ಟಿಕೀಟಿಗಿಂತ ಹೆಚ್ಚು ಹರಿಯುತ್ತದೆ. ಗುರುತಿಲ್ಲದವರಿಗೆಲ್ಲ ಹಂಚಿದ್ದೇನೆ. ಸವಣೂರಿನ ಸ್ಟ್ಯಾಂಡಿನಲ್ಲಿ ಗಂಗವ್ವ ಬುಟ್ಟಿಗಳನ್ನು ಏರಿಸಲು ಬಂದಾಗ ಮಾತ್ರ ನಾನು ಬಸ್ಸಿನ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿರುತ್ತೇನೆ, ಇಲ್ಲವೇ ಕಂಟ್ರೋಲರನ ಕಿಟಕಿಯಲ್ಲಿರುತ್ತೇನೆ. ಅವಳು ಬುಟ್ಟಿ ಇಟ್ಟು ಹೋದ ಮೇಲೆ ಇಳಿಯುತ್ತೇನೆ. ಅವಳಿಗೂ ಅದು ಗೊತ್ತು. ಬುಟ್ಟಿ ಇಟ್ಟು ಸ್ವಲ್ಪ ಹೊತ್ತು ನಿಂತು, ಹೋಗುತ್ತಾಳೆ.

ಮೊನ್ನೆ, ಪಂಚಮಿಯ ಹಿಂದಿನ ದಿನ, ಅವಳು ಬುಟ್ಟಿ ಇಟ್ಟು ಹೋಗಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು, ಬುಟ್ಟಿಯೊಂದಿಗೆ ಒಳಗೆ ಬಂದು ಕುಳಿತಳು. ಕಾಲಬಳಿ ಒಂದು ಡಬ್ಬಿ ಇತ್ತು. ಅದರ ಮುಚ್ಚಳದ ಸೊಟ್ಟವನ್ನು ನಾನು ಗುರುತಿಸಿದೆ. ನಾನೇ ಚಿಕ್ಕಂದಿನಲ್ಲಿ ಒದ್ದು ಸೊಟ್ಟ ಮಾಡಿದ್ದು.

ನಾನು ಹಿಂದಿನಿಂದ ಟಿಕೀಟು ಹರಿಯುತ್ತ ಬಂದೆ. ಎಲ್ಲಿಗ್ರಿ ಯವ್ವಾ, ಎಲ್ಲಿಗ್ರಿ ಯವ್ವಾ. ಅವಳ ಹತ್ತಿರ ಬಂದು, "ಎಲ್ಲಿಗೆ?" ಎಂದೆ.

"ಏನ್ರಿ ಕಂಡಕ್ಟರ್ ಸಾಹೇಬ್ರ" ಎಂದಳು ಕಿಟಕಿಯ ಕಡೆ ನೋಡುತ್ತ. "ಹಿಂದಿನವರಿಗೆಲ್ಲಾ ಯವ್ವಾ ಯವ್ವಾ ಅಂತ ಬಂದ್ರಿ. ನನಗ ಬರೇ ಎಲ್ಲಿಗೆ?"

ಪಕ್ಕದ ಮುದುಕಿ ನಕ್ಕಳು. ನನ್ನ ಕಿವಿಯ ತುದಿ ಸುಡತೊಡಗಿತು.

"ಹಾನಗಲ್ಲಿಗೆ" ಎಂದು ಅವಳೇ ಹೇಳಿದಳು. "ನಿಮ್ಮ ಮನೀಗೆ. ಅಕ್ಕ ಹೇಳಿ ಕಳಿಸ್ಯಾಳ, ಪಂಚಮಿಗೆ ಬಾ ಅಂತ. ನಿನಗ ಹೇಳಿಲ್ಲೇನ?"

ಹೇಳಿರಲಿಲ್ಲ. ಇಬ್ಬರೂ ಸೇರಿ ನನಗೆ ಹೇಳದೆ ಮಾಡಿದ್ದರು. ಬುಟ್ಟಿಯಿಂದ ವಾಸನೆ ಏಳುತ್ತಿತ್ತು, ಈ ಸಲ ದಾರಿ ಬಿಡಲು ಬದಿಯಲ್ಲಿ ಜಾಗವಿರಲಿಲ್ಲ. ಟಿಕೀಟು ಹರಿದು ಕೊಟ್ಟು ಮುಂದೆ ನಡೆದೆ.

"ಎಷ್ಟ ಮಂದಿಯೋ?" ಎಂದು ಗುರುಪಾದಪ್ಪನವರು ಗಾಡಿ ಚಾಲು ಮಾಡಿ ಕೂಗಿದರು. ನಾನು ಹಿಂದಿನ ಸೀಟಿನಿಂದ ತಲೆ ಎಣಿಸುತ್ತ ಬಂದೆ. ಬಾಯಿಬಿಟ್ಟು ಎಣಿಸುವುದು ನಾನು ಬಿಟ್ಟು ವರ್ಷಗಳಾಗಿದ್ದವು, ಅಂದು ಹೇಗೋ ಬಾಯಿಗೆ ಬಂತು. ನಾಕ, ಐದ, ಆರ. ಮುಂದಿನ ತಲೆ ಅವಳದು. ಅಲ್ಲಿಗೆ ನಿಂತೆ.

"ಮಲ್ಕೊ" ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.

"ಯಾರಿಗಬೇ ಮಲ್ಕೊ ಅಂತಿ?" ಎಂದಳು ಪಕ್ಕದ ಮುದುಕಿ. "ಕಂಡಕ್ಟರ್ ಮಲ್ಕೊಂಡ್ರ ಟಿಕೀಟ ಹರಿಯವ್ರ ಯಾರು?"

ಬಸ್ಸು ನಕ್ಕಿತು. ನಾನು ಎಂಟು ಎನ್ನಲು ಬಾಯಿ ತೆರೆದೆ.

"ಯವ್ವಾ" ಎಂದಿತು ಬಾಯಿ.

ಒಡೆದ ದನಿ, ಕೆಳಗಿನಿಂದ ಎಳೆದುಕೊಂಡು ಬಂದ ದನಿ. ಯಾರದು ಎಂದು ಹುಡುಕಿದೆ. ನನಗೆ ಬರುವ ಯಾರ ದನಿಯೂ ಅದಾಗಿರಲಿಲ್ಲ. ಮುದುಕಿಗೆ ಏನೂ ಅನಿಸಲಿಲ್ಲ, ಕಂಡಕ್ಟರ್‌ಗಳು ಹಾಗೆಯೇ ಕರೆಯುತ್ತಾರೆ. ಗಂಗವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ಇದಕ್ಕೆ ಯಾರೂ ನಕ್ಕಿರಲಿಲ್ಲ ಎಂಬುದು ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು.

"ಎಷ್ಟಪಾ? ಹೊತ್ತಾತು!" ಎಂದರು ಗುರುಪಾದಪ್ಪನವರು.

"ಲೆಕ್ಕ ತಪ್ಪಿತ್ರಿ" ಎಂದೆ. ಮತ್ತೆ ಹಿಂದಿನ ಸೀಟಿಗೆ ಹೋದೆ, ಮೊದಲ ತಲೆಯ ಮೇಲೆ ಬೆರಳಿಟ್ಟೆ, "ಲಾಭ" ಎಂದೆ.